ಕೊಡಗಿನ ಮರದ ಮನೆಗಳು, ಭಾಗ 3: ನಾಲ್ಕುನಾಡು ಅರಮನೆ

ತಡಿಯಂಡಮೋಳ್ ಟ್ರೆಕ್‌ಗೆ ಹೋದವರೆಲ್ಲ ಇದರ ಪಕ್ಕದಲ್ಲೇ ಹಾದು ಹೋಗಿರ್ತೀರಿ. ಎಷ್ಟು ಜನ ಒಳಗೆ ಹೋಗಿದ್ದೀರಿ, ನಿಜ ಹೇಳಿ!

ಮೈಸೂರು ಅರಮನೆ ತರ ಇರುತ್ತೆ ಅಂದ್ಕೊಂಡು ಬಂದ್ರೆ "ಇಷ್ಟೇನಾ?" ಅನ್ಸುತ್ತೆ. ಎರಡಂತಸ್ತು, ಹೆಂಚಿನ ಮಾಡು, ಮರದ ಕಂಬಗಳು. ಆದರೆ ಇದನ್ನು ಕಟ್ಟಿಸಿದ್ದು ಮೆರೆಯೋಕಲ್ಲ, ಜೀವ ಉಳಿಸಿಕೊಳ್ಳೋಕೆ. ದೊಡ್ಡ ವೀರರಾಜೇಂದ್ರ ಪಿರಿಯಾಪಟ್ಟಣದಲ್ಲಿ ಟಿಪ್ಪುವಿನ ಸೆರೆಯಲ್ಲಿದ್ದವನು. 1788ರಲ್ಲಿ ತಪ್ಪಿಸಿಕೊಂಡ. 1792ರಲ್ಲಿ ಕಕ್ಕಬ್ಬೆ ಹತ್ತಿರ, ಬೆಟ್ಟದ ಬುಡದ ಕಾಡಲ್ಲಿ ಈ ಮನೆ ಎಬ್ಬಿಸಿದ. ಮಡಿಕೇರಿ ಕೈತಪ್ಪಿದರೂ ಇಲ್ಲಿ ಅಡಗಬಹುದು ಅನ್ನೋ ಲೆಕ್ಕ. ಒಳಗಿನ ಕತ್ತಲ ಕೋಣೆಗಳು ಅದಕ್ಕೇ.

ಜಗಲಿಯಲ್ಲಿ ನಿಂತಾಗ ಮಾತ್ರ ತಲೆ ಎತ್ತಿ ನೋಡಿ (ಎರಡನೇ ಫೋಟೋ). ಚಾವಣಿಯ ಮರದ ತುಂಬ ಕೆತ್ತನೆ. ಅಡಗೋ ಮನೆಗೆ ಇಷ್ಟೊಂದು ಕುಸುರಿ ಯಾಕೋ, ನಂಗಿನ್ನೂ ಅರ್ಥ ಆಗಿಲ್ಲ. ಎದುರಿಗಿರೋ ಪುಟ್ಟ ಮಂಟಪ 1796ರಲ್ಲಿ ಇದೇ ರಾಜ ಮಹದೇವಮ್ಮಾಜಿಯನ್ನು ಮದುವೆಯಾದ ಜಾಗ.

1834ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸೈನ್ಯ ಮಡಿಕೇರಿಗೆ ಬಂದಾಗ ಕೊನೆಯ ರಾಜ ಚಿಕ್ಕ ವೀರರಾಜೇಂದ್ರ ಇದ್ದದ್ದೂ ಇಲ್ಲೇ. ಈ ಸಲ ಕಾಡು ಕಾಯಲಿಲ್ಲ, ಶರಣಾಗಬೇಕಾಯ್ತು. ಅವನನ್ನು ಕಾಶಿಗೆ ಕಳಿಸಿದರು. ಅಲ್ಲಿಂದ ಲಂಡನ್‌ಗೆ ಹೋಗಿ 1859ರಲ್ಲಿ ಅಲ್ಲೇ ತೀರಿಕೊಂಡ. ಕೊಡಗಿಗೆ ವಾಪಸ್ ಬರಲೇ ಇಲ್ಲ.