ಕೂಗಳತೆಯ ಆಚೆಗಿನ ನೆಲ: ನೆಗೆವ್‌ನ ಬೆದೂಯಿನರು ಮತ್ತು ಭೂಕಾನೂನು

ಕನ್ನಡದಲ್ಲಿ ‘ಕೂಗಳತೆಯ ದೂರ’ ಎಂಬ ಮಾತು ರೂಢಿಯಲ್ಲಿದೆ. ಒಟ್ಟೊಮನ್ ಸಾಮ್ರಾಜ್ಯದ 1858ರ ಭೂಸಂಹಿತೆಯಲ್ಲಿ ಇಂಥದೇ ಅಳತೆ ಕಾನೂನಿನ ಮಾನದಂಡವಾಗಿತ್ತು. ಊರಿನ ಅಂಚಿನಲ್ಲಿ ನಿಂತು ಗಟ್ಟಿಯಾಗಿ ಕೂಗಿದವನ ದನಿ ಮುಟ್ಟದಷ್ಟು ದೂರದ, ಯಾರ ಸ್ವಾಧೀನದಲ್ಲೂ ಇಲ್ಲದ ನೆಲವೇ ‘ಮವಾತ್’, ಅಂದರೆ ಸತ್ತ ಭೂಮಿ. ಅಂದಾಜು ಒಂದೂವರೆ ಮೈಲಿ, ಇಲ್ಲವೇ ಅರ್ಧ ಗಂಟೆಯ ನಡಿಗೆ. ಆದರೆ ಸತ್ತ ನೆಲವನ್ನು ಉತ್ತು ಬದುಕಿಸಿದವನಿಗೆ ಅದರ ಮೇಲೆ ಹಕ್ಕುಂಟೆಂಬ ಇಸ್ಲಾಮೀ ನ್ಯಾಯ ಪರಂಪರೆಯನ್ನು ಆ ಸಂಹಿತೆ ಪೂರ್ತಿ ಕೈಬಿಟ್ಟಿರಲಿಲ್ಲ. ಅಪ್ಪಣೆಯಿಲ್ಲದೆ ಉತ್ತವನೂ ಬೆಲೆ ತೆತ್ತು ಹಕ್ಕುಪತ್ರ ಪಡೆಯಬಹುದಿತ್ತು. ಬ್ರಿಟಿಷ್ ಆಡಳಿತ 1921ರಲ್ಲಿ ಈ ದಾರಿಯನ್ನು ಮುಚ್ಚಿತು. ಅದಾಗಲೇ ಉತ್ತಿದ್ದವರು ನೋಂದಾಯಿಸಿಕೊಳ್ಳಲು ದೊರೆತ ಗಡುವು ಎರಡೇ ತಿಂಗಳು.

ದಕ್ಷಿಣ ಪ್ಯಾಲೆಸ್ತೀನಿನ ನೆಗೆವ್ ಪ್ರದೇಶದ ಬೆದೂಯಿನರಲ್ಲಿ ನೋಂದಾಯಿಸಿಕೊಂಡವರು ತೀರ ಕಡಿಮೆ. ದಾಖಲೆಯಲ್ಲಿ ಹೆಸರು ಸೇರಿದರೆ ಅದರ ಹಿಂದೆಯೇ ಕಂದಾಯವೂ ಬರುತ್ತದೆಂಬ ಅಂಜಿಕೆ ಇತ್ತು. ಅದಕ್ಕಿಂತ ಮಿಗಿಲಾಗಿ, ಯಾರ ಹೊಲ ಎಲ್ಲಿಗೆ ಮುಗಿಯುತ್ತದೆ ಎಂಬುದು ಹಳ್ಳದ ತಿರುವು, ಕಲ್ಲುಗುಡ್ಡೆ, ಗಡಿಗೆಂದು ನೆಟ್ಟ ಕಾಡು ಈರುಳ್ಳಿ ಮತ್ತು ಹಿರಿಯರ ಮಾತಿನಿಂದಲೇ ಎಲ್ಲರಿಗೂ ತಿಳಿದಿತ್ತು. ಈ ನೆಲದ ಬಾರ್ಲಿ ಗಾಜಾ ಬಂದರಿನಿಂದ ಬ್ರಿಟನ್ನಿನ ಬಿಯರ್ ತಯಾರಕರಿಗೆ ರವಾನೆಯಾಗುತ್ತಿತ್ತು. ಇಂಥ ನೆಲವನ್ನು ಸತ್ತದ್ದೆನ್ನುವುದು ವಿಚಿತ್ರವೇ ಸರಿ.

1948ರ ಯುದ್ಧದ ತರುವಾಯ ನೆಗೆವ್‌ನಲ್ಲಿ ಉಳಿದ ಬೆದೂಯಿನರು ಸುಮಾರು 11,000. ಇವರಲ್ಲಿ ಹಲವು ಬುಡಕಟ್ಟುಗಳನ್ನು ಬೀರ್‌ಶೆಬಾದ ಈಶಾನ್ಯಕ್ಕಿದ್ದ ‘ಸಿಯಾಗ್’ ಎಂಬ ನಿರ್ಬಂಧಿತ ವಲಯಕ್ಕೆ ಸಾಗಿಸಲಾಯಿತು. ಸಿಯಾಗ್ ಎಂದರೆ ಬೇಲಿ. ಅಲ್ಲಿ 1966ರವರೆಗೆ ಸೈನಿಕ ಆಡಳಿತವಿತ್ತು. 1953ರಲ್ಲಿ ಇಸ್ರೇಲ್ ತಂದ ಭೂಸ್ವಾಧೀನ ಕಾನೂನಿನ ಪ್ರಕಾರ, 1952ರ ಏಪ್ರಿಲ್ 1ರಂದು ಒಡೆಯನ ಅನುಭೋಗದಲ್ಲಿಲ್ಲದ ಜಮೀನನ್ನು ಅಭಿವೃದ್ಧಿ, ವಸತಿ ಅಥವಾ ಭದ್ರತೆಯ ಕಾರಣ ನೀಡಿ ಸರ್ಕಾರ ವಶಪಡಿಸಿಕೊಳ್ಳಬಹುದಿತ್ತು. ಬೇಲಿಯೊಳಗೆ ಸಾಗಿಸಲ್ಪಟ್ಟವನು ಆ ದಿನ ತನ್ನ ಹೊಲದಲ್ಲಿರುವುದಾದರೂ ಹೇಗೆ?

ಅಲ್-ಹವಾಶ್ಲಾ ಪ್ರಕರಣದಲ್ಲಿ (1984) ಕೂಗಳತೆಯ ಪ್ರಶ್ನೆ ಇಸ್ರೇಲಿನ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂತು. ನೋಂದಣಿಯಿಲ್ಲದ ಈ ನೆಲ ಮವಾತ್ ಆದ್ದರಿಂದ ಅದು ಸರ್ಕಾರದ್ದೇ ಎಂಬುದು ಸರ್ಕಾರದ ವಾದ. ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಡೇರೆಗಳ ನೆಲೆಯನ್ನು ಊರೆಂದು ಎಣಿಸಲಿಲ್ಲ. ಹೀಗಾಗಿ ಅಲ್ಲಿಂದ ಎದ್ದ ಕೂಗು ಅಳತೆಗೇ ಬರಲಿಲ್ಲ. ನೆಗೆವ್ ಪಾಳುನೆಲವಾಗಿತ್ತೆಂಬುದಕ್ಕೆ ಎಡ್ವರ್ಡ್ ಪಾಮರ್ 1870ರಲ್ಲಿ ಅಲ್ಲಿ ಸಂಚರಿಸಿ ಬರೆದ ಪ್ರವಾಸ ಕಥನವನ್ನು ಆಧಾರವಾಗಿಟ್ಟುಕೊಳ್ಳಲಾಯಿತು. ಆ ಸಂಚಾರಕ್ಕೆ ಸ್ವಲ್ಪ ಮುಂಚೆ ಇದೇ ಪಾಮರ್ ಸಿನಾಯ್ ಸರ್ವೇಕ್ಷಣೆಗಾಗಿ ಬೆದೂಯಿನರ ಬಾಯಿಂದಲೇ ಸ್ಥಳನಾಮಗಳನ್ನು ಸಂಗ್ರಹಿಸಿದ್ದವನು. ಪ್ರವಾಸಿಯ ಲಿಖಿತ ನುಡಿಗೆ ಸಿಕ್ಕ ಮನ್ನಣೆ ನೆಲದವರ ಮೌಖಿಕ ಸಾಕ್ಷ್ಯಕ್ಕೆ ಸಿಗಲಿಲ್ಲ.

1951ರಲ್ಲಿ ಅಲ್-ಅರಾಕೀಬ್‌ನಿಂದ ಸ್ಥಳಾಂತರಗೊಂಡ ಅಲ್-ಉಕ್ಬಿ ಬುಡಕಟ್ಟಿನವರ ದಾವೆಯೂ 2015ರಲ್ಲಿ ಇದೇ ನ್ಯಾಯಾಲಯದಲ್ಲಿ ಸೋತಿತು. ಅದೇ ಅಲ್-ಅರಾಕೀಬ್‌ನಲ್ಲಿ ಅಲ್-ತೂರಿ ಬುಡಕಟ್ಟಿನವರು ಮತ್ತೆ ಕಟ್ಟಿಕೊಂಡಿದ್ದ ಮನೆಗಳನ್ನು 2010ರ ಜುಲೈ 27ರಂದು ಕೆಡವಲಾಯಿತು. ಅವರು ಮರಳಿ ಕಟ್ಟುತ್ತ ಹೋದರು. ಕೆಡವಿದ ಲೆಕ್ಕ ಈಗ ಇನ್ನೂರನ್ನು ಮೀರಿದೆ. ಆನಂತರದ ವರ್ಷಗಳಲ್ಲಿ ಅವರು ಆಶ್ರಯ ಪಡೆದದ್ದು ತಮ್ಮ ಹಿರಿಯರನ್ನು ಹೂಳಿದ್ದ ಖಬರಸ್ತಾನದ ಮಗ್ಗುಲಲ್ಲಿ.