ಕೃತ, ಕಾರಿತ, ಅನುಮತ: ಉತ್ತರ ಐರ್ಲೆಂಡಿನ ಪೊಲೀಸರ ಲೆಕ್ಕ

ಹಿಂಸೆಯನ್ನು ಎಣಿಸುವಾಗ ನಮ್ಮ ಆಚಾರ್ಯರು ಕೊಂದ ಕೈಯನ್ನು ಮಾತ್ರ ನೋಡಲಿಲ್ಲ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಸಂರಂಭ, ಸಮಾರಂಭ, ಆರಂಭಗಳೆಂಬ ಮೂರು ಹಂತಗಳನ್ನೂ, ಮನ-ವಚನ-ಕಾಯಗಳೆಂಬ ಮೂರು ಯೋಗಗಳನ್ನೂ, ಕೃತ-ಕಾರಿತ-ಅನುಮತಗಳೆಂಬ ಮೂರು ಬಗೆಗಳನ್ನೂ, ನಾಲ್ಕು ಕಷಾಯಗಳನ್ನೂ ಹೇಳಿದ್ದಾರೆ. ಗುಣಿಸಿದರೆ ನೂರೆಂಟಾಗುತ್ತದೆ. ಜಪಮಾಲೆಯ ಮಣಿಗಳ ಸಂಖ್ಯೆಗೆ ಇದೇ ಮೂಲವೆಂದು ಹಿರಿಯರು ಹೇಳುವುದುಂಟು. ಈ ನೂರೆಂಟರಲ್ಲಿ ಪೊಲೀಸರ ಕೈಗೆ ಸಿಕ್ಕುವುದು ಬಹಳ ಸ್ವಲ್ಪ. ರಾಜಕೀಯ ಕೊಲೆಯಲ್ಲಂತೂ ಗುಂಡು ಹಾರಿಸಿದವನು ಒಬ್ಬನಾದರೆ ಹಾರಿಸೆಂದವನು ಬೇರೊಬ್ಬ. ಬಾಗಿಲು ಮುಚ್ಚಿಕೊಂಡು ಒಳಗೊಳಗೇ ಸಮ್ಮತಿಸಿದ ಬೀದಿಯವರ ಹೆಸರು ಯಾವ ದೋಷಾರೋಪಣ ಪಟ್ಟಿಯಲ್ಲಿಯೂ ಬರುವುದಿಲ್ಲ. ಉತ್ತರ ಐರ್ಲೆಂಡಿನ ಇತ್ತೀಚಿನ ಚರಿತ್ರೆಯು ಈ ಮೂರನ್ನೂ ಒಂದೇ ಕಡೆ ಕಾಣಿಸುತ್ತದೆ.

1921ರಲ್ಲಿ ಐರ್ಲೆಂಡ್ ಇಬ್ಭಾಗವಾದಾಗ ಉತ್ತರದ ಆರು ಜಿಲ್ಲೆಗಳು ಬ್ರಿಟನ್ನಿನೊಡನೆ ಉಳಿದವು. ಅಲ್ಲಿ ಬ್ರಿಟನ್ನಿನೊಂದಿಗಿರಲು ಬಯಸಿದ ಪ್ರಾಟೆಸ್ಟೆಂಟರು ಬಹುಸಂಖ್ಯಾತರು. ಐರ್ಲೆಂಡಿನೊಂದಿಗೆ ಸೇರಲು ಬಯಸಿದ ಕ್ಯಾಥೊಲಿಕರು ಅಲ್ಪಸಂಖ್ಯಾತರು. ಮರುವರ್ಷ ಸ್ಥಾಪನೆಯಾದ ರಾಯಲ್ ಅಲ್ಸ್ಟರ್ ಕಾನ್ಸ್ಟಾಬ್ಯುಲರಿ ಎಂಬ ಪೊಲೀಸ್ ಪಡೆ ಬಹುಮಟ್ಟಿಗೆ ಪ್ರಾಟೆಸ್ಟೆಂಟರದೇ ಆಗಿ ಬೆಳೆಯಿತು. ಮನೆ ಹಂಚಿಕೆಯಲ್ಲಿ, ಮತದಾನದಲ್ಲಿ ಸಮಾನತೆ ಕೇಳಿ 1968ರ ಅಕ್ಟೋಬರ್ 5ರಂದು ಡೆರಿ ಪಟ್ಟಣದಲ್ಲಿ ಹೊರಟ ಮೆರವಣಿಗೆಯ ಮೇಲೆ ಇದೇ ಪಡೆ ಲಾಠಿ ಬೀಸಿತು. ಮುಂದಿನ ವರ್ಷ ಸೇನೆ ಬೀದಿಗಿಳಿಯಿತು. 1971ರಲ್ಲಿ ವಿಚಾರಣೆಯಿಲ್ಲದೆ ಬಂಧಿಸುವ ಕ್ರಮ ಬಂದಿತು. ಅದರಿಂದ ಕೊಲೆಗಳು ತಗ್ಗಲಿಲ್ಲ, ಹೆಚ್ಚಿದವು. 1972ರ ಒಂದೇ ವರ್ಷದಲ್ಲಿ ಸತ್ತವರು ಐದುನೂರಕ್ಕೆ ಸಮೀಪ. 1998ರ ಶುಭ ಶುಕ್ರವಾರದ ಒಪ್ಪಂದದ ವೇಳೆಗೆ ಒಟ್ಟು 3,500ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಯಾವ ಪಡೆಗೂ ಸೇರದ ಸಾಮಾನ್ಯರು. ಪೊಲೀಸರೇ ಸುಮಾರು 300 ಮಂದಿ. ಈ ಕೊನೆಯ ಸಂಖ್ಯೆಯನ್ನು ಮರೆತು ಆ ಪಡೆಯ ದೋಷಗಳನ್ನು ಮಾತ್ರ ಹೇಳುವುದು ಅನ್ಯಾಯ.

ಶ್ರಾವಕಾಚಾರದ ವಿಂಗಡಣೆಯಂತೆ ನೋಡಿದರೆ ಪೊಲೀಸರ ಬಲಪ್ರಯೋಗವು ವಿರೋಧೀ ಹಿಂಸೆಯ ಪಾಲಿಗೆ ಬರುತ್ತದೆ. ಆಕ್ರಮಣದಿಂದ ಇತರರನ್ನು ರಕ್ಷಿಸಲು ಗೃಹಸ್ಥನು ಅನಿವಾರ್ಯವಾಗಿ ಕೈಗೊಳ್ಳುವ ಹಿಂಸೆ ಅದು. ಗುರುತು ಹಾಕಿ, ದಿನ ಗೊತ್ತುಮಾಡಿ ಕೊಲ್ಲುವುದು ಸಂಕಲ್ಪೀ ಹಿಂಸೆ; ಅದಕ್ಕೆ ಅಣುವ್ರತಿಗೂ ಅವಕಾಶವಿಲ್ಲ. ಆದರೆ ಮೊದಲನೆಯದು ಎರಡನೆಯದರೊಳಗೆ ಜಾರುವುದು ಎಲ್ಲಿ? ಉತ್ತರ ಐರ್ಲೆಂಡಿನಲ್ಲಿ ಅದು ಜಾರಿದ್ದು ಬಂದೂಕಿನಲ್ಲಿ ಅಷ್ಟಾಗಿ ಅಲ್ಲ, ಕಡತದಲ್ಲಿ.

ಸಾಕ್ಷಿಗಳು ಹೆದರುತ್ತಿದ್ದರು. ಜೂರಿಗಳಿಗೆ ಬೆದರಿಕೆ ಬರುತ್ತಿತ್ತು, ಆದುದರಿಂದ 1973ರಿಂದ ಇಂತಹ ಮೊಕದ್ದಮೆಗಳನ್ನು ಜೂರಿಯಿಲ್ಲದೆ ನ್ಯಾಯಾಧೀಶರೊಬ್ಬರೇ ವಿಚಾರಿಸುವ ಏರ್ಪಾಡಾಯಿತು. 1980ರ ದಶಕದ ಮೊದಲ ಭಾಗದಲ್ಲಿ, ಸಂಘಟನೆಯಿಂದ ಒಡೆದು ಬಂದ ಒಬ್ಬನ ಮಾತಿನ ಮೇಲೆ ಹತ್ತಾರು ಜನರಿಗೆ ಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ ಅವುಗಳಲ್ಲಿ ಬಹುಪಾಲು ಬಿದ್ದುಹೋದವು. ಉಳಿದ ದಾರಿ ಬಾತ್ಮೀದಾರರದು. ಕೊಲೆಗಾರರ ಗುಂಪಿನೊಳಗೇ ಒಬ್ಬನನ್ನು ಹಣ ಕೊಟ್ಟು ಇಟ್ಟುಕೊಂಡರೆ ಮುಂದಿನ ಕೊಲೆ ತಿಳಿಯುತ್ತದೆ, ತಡೆಯಬಹುದು. ಇದರಿಂದ ಅನೇಕ ಜೀವಗಳು ಉಳಿದದ್ದು ಸತ್ಯ. ಆದರೆ ಗುಂಪಿನೊಳಗಿರುವವನು ಅವರು ಮಾಡುವುದನ್ನು ಮಾಡದಿದ್ದರೆ ಒಂದು ವಾರವೂ ಬದುಕಲಾರ. 1980ರ ದಶಕದ ಆರಂಭದಿಂದ ಇನ್ನೊಂದು ಪದ್ಧತಿಯೂ ಬಂದಿತು: ಅಪರಾಧ ತನಿಖೆಯ ಅಧಿಕಾರಿಯು ಶಂಕಿತನನ್ನು ಬಂಧಿಸುವ ಮೊದಲು ಗುಪ್ತ ಮಾಹಿತಿಯ ವಿಭಾಗವಾದ ಸ್ಪೆಷಲ್ ಬ್ರ್ಯಾಂಚಿನ ಒಪ್ಪಿಗೆ ಪಡೆಯಬೇಕು. ಅಲ್ಲಿಗೆ ತನಿಖೆಯ ಬಲಗೈಯನ್ನು ಎಡಗೈ ಹಿಡಿದಂತಾಯಿತು.

1989ರ ಫೆಬ್ರವರಿ 12ರ ಭಾನುವಾರ ಬೆಲ್ಫಾಸ್ಟಿನ ವಕೀಲ ಪ್ಯಾಟ್ ಫಿನುಕೇನ್ ಅವರನ್ನು ಮನೆಯಲ್ಲಿ ಹೆಂಡತಿ ಮಕ್ಕಳೊಡನೆ ಊಟ ಮಾಡುತ್ತಿದ್ದಾಗಲೇ ಪ್ರಾಟೆಸ್ಟೆಂಟ್ ಪಕ್ಷದ ಬಂದೂಕುಗಾರರು ಕೊಂದರು. ಬಂದೂಕು ಒದಗಿಸಿದವನು ಪೊಲೀಸರ ಬಾತ್ಮೀದಾರನೆಂದೂ, ಆ ಸಂಘಟನೆಗೆ ಗುರಿಗಳ ವಿವರ ಕೂಡಿಡುತ್ತಿದ್ದವನು ಸೇನೆಯ ಏಜೆಂಟನೆಂದೂ ಅನಂತರ ಹೊರಬಿತ್ತು. 2012ರಲ್ಲಿ ಡಿ ಸಿಲ್ವ ವರದಿ ಬಂದಾಗ ಬ್ರಿಟನ್ನಿನ ಪ್ರಧಾನಿ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದರು. ಸಾರ್ವಜನಿಕ ವಿಚಾರಣೆ ಘೋಷಣೆಯಾಗಲು 2024 ಬರಬೇಕಾಯಿತು.

ಇದಕ್ಕಿಂತಲೂ ಲೆಕ್ಕಪತ್ರ ಬಲ್ಲವರ ಮನಸ್ಸನ್ನು ಕಲಕುವುದು 2007ರ ಜನವರಿ 22ರಂದು ಪೊಲೀಸ್ ಓಂಬುಡ್ಸ್‌ಮನ್ ನ್ಯೂಅಲಾ ಓಲೋನ್ ಪ್ರಕಟಿಸಿದ ವರದಿ. ಮಗನನ್ನು ಕಳೆದುಕೊಂಡ ಒಬ್ಬ ತಂದೆಯ ದೂರಿನಿಂದ ಆ ತನಿಖೆ ಹೊರಟಿತ್ತು. ಉತ್ತರ ಬೆಲ್ಫಾಸ್ಟಿನ ಒಬ್ಬ ಬಾತ್ಮೀದಾರನಿಗೆ ಪೊಲೀಸರು ವರ್ಷಾನುವರ್ಷ ಕೊಟ್ಟ ಹಣ ಸುಮಾರು 80,000 ಪೌಂಡು. ಹತ್ತು ಕೊಲೆಗಳೊಡನೆ ಅವನ ಸಂಬಂಧವನ್ನು ಸೂಚಿಸುವ ಮಾಹಿತಿ ಅದೇ ಪೊಲೀಸರ ಬಳಿ ಇತ್ತು. ದಾಖಲೆಗಳು ಕಾಣೆಯಾಗಿದ್ದವು, ಕೆಲವನ್ನು ನಾಶಮಾಡಲಾಗಿತ್ತು. ಖರ್ಚು ಬರೆದು ಯಾವುದಕ್ಕೆ ಎಂಬುದನ್ನು ಅಳಿಸಿದ ಖಾತೆಯನ್ನು ಯಾವ ಸಾಹುಕಾರನೂ ಒಪ್ಪಲಾರ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಮೊದಲನೆಯದು ಸ್ತೇನಪ್ರಯೋಗ: ತಾನು ಕದಿಯದೆ ಕಳ್ಳನಿಗೆ ಒತ್ತಾಸೆಯಾಗುವುದು. ಕಳ್ಳತನದ ವಿಷಯದಲ್ಲಿಯೇ ಆಚಾರ್ಯರು ಇಷ್ಟು ಬಿಗಿಯಾಗಿದ್ದರೆ, ಕೊಲೆಗಾರನಿಗೆ ತಿಂಗಳ ಹಣ ಮುಟ್ಟಿಸಿದ ಮೇಜಿನ ಹಿಂದಿನ ಅಧಿಕಾರಿಯ ಕರ್ಮವನ್ನು ಯಾವ ಬಗೆಗೆ ಸೇರಿಸಬೇಕು? ಅವನು ಕೊಲ್ಲಲಿಲ್ಲ, ಕೊಲ್ಲಿಸಲೂ ಇಲ್ಲ. ಇವನಿಂದ ನಾಳೆ ಹತ್ತು ಜನ ಉಳಿದಾರು ಎಂದು ಇಂದಿನ ಒಂದು ಹೆಣವನ್ನು ಕಂಡೂ ಕಾಣದಂತೆ ಇದ್ದ. ಅದು ಅನುಮತ. ಅವನ ಉದ್ದೇಶ ಒಳ್ಳೆಯದಿತ್ತೆಂಬುದನ್ನು ಒಪ್ಪಿಕೊಂಡ ಮೇಲೂ ಅದು ಅನುಮತವೇ. ಏಕೆಂದರೆ ಉಳಿಯುವ ಹತ್ತು ಜನ ಊಹೆಯವರು, ಸತ್ತವನು ಊಹೆಯವನಲ್ಲ.

ಹೊಸ ವ್ಯವಸ್ಥೆಗೆ ದಾರಿ ತೋರಿಸಿದ್ದು ಕ್ರಿಸ್ ಪ್ಯಾಟನ್ ಅಧ್ಯಕ್ಷತೆಯ ಆಯೋಗ. 1999ರ ಸೆಪ್ಟೆಂಬರಿನ ಅದರ ವರದಿಯಲ್ಲಿ 175 ಶಿಫಾರಸುಗಳಿದ್ದವು. 2001ರ ನವೆಂಬರ್ 4ರಂದು ಹಳೆಯ ಹೆಸರು ಹೋಗಿ ಪೊಲೀಸ್ ಸರ್ವಿಸ್ ಆಫ್ ನಾರ್ದರ್ನ್ ಐರ್ಲೆಂಡ್ ಎಂಬ ಹೆಸರಾಯಿತು. ಮೇಲ್ವಿಚಾರಣೆಗೆ ರಾಜಕೀಯ ಪಕ್ಷಗಳವರೂ ಸ್ವತಂತ್ರರೂ ಇರುವ ಮಂಡಳಿಯೊಂದು ಬಂದಿತು. ಹೊಸ ನೇಮಕದಲ್ಲಿ ಅರ್ಧ ಕ್ಯಾಥೊಲಿಕರು, ಅರ್ಧ ಉಳಿದವರು ಎಂಬ ನಿಯಮವನ್ನು ಹತ್ತು ವರ್ಷ ಪಾಲಿಸಲಾಯಿತು. ನೂರಕ್ಕೆ ಎಂಟರಷ್ಟಿದ್ದ ಕ್ಯಾಥೊಲಿಕರು 2011ರ ವೇಳೆಗೆ ಸುಮಾರು 30 ಆದರು. ಈ ನಿಯಮದಿಂದ ಅವಕಾಶ ತಪ್ಪಿದ ಯೋಗ್ಯ ಪ್ರಾಟೆಸ್ಟೆಂಟ್ ಯುವಕರ ಅಸಮಾಧಾನವೂ ಸಹಜವಾದದ್ದೇ. ಬಾತ್ಮೀದಾರರ ಪಟ್ಟಿಯನ್ನು ಒಬ್ಬೊಬ್ಬರಂತೆ ಪರಿಶೀಲಿಸಿ ಕಾಲುಭಾಗದಷ್ಟು ಜನರನ್ನು ಕೈಬಿಡಲಾಯಿತು. ಅವರಲ್ಲಿ ಅರ್ಧದಷ್ಟು ಮಂದಿ ಉಪಯೋಗಕ್ಕೆ ಬಾರದವರು. ಇನ್ನರ್ಧ ಗಂಭೀರ ಅಪರಾಧಗಳಲ್ಲಿ ಮುಳುಗಿದವರು.

ಓಲೋನ್ ವರದಿ ಬಂದ ಆರೇ ದಿನಗಳಿಗೆ, 2007ರ ಜನವರಿ 28ರಂದು, ಸಿನ್ ಫೇನ್ ಪಕ್ಷದ ಮಹಾಸಭೆ ಪೊಲೀಸರಿಗೆ ಬೆಂಬಲ ಕೊಡಲು ನಿರ್ಣಯಿಸಿತು. ಪೊಲೀಸರಿಗೆ ಸುಳಿವು ಕೊಡುವುದು ದ್ರೋಹವೆಂದು ದಶಕಗಳ ಕಾಲ ನಂಬಿದ್ದವರ ಪಕ್ಷವಿದು. ತಪ್ಪನ್ನು ಮುಚ್ಚಿಟ್ಟ ದಿನಗಳಲ್ಲಿ ದೊರಕದ ಬೆಂಬಲವು ಅದನ್ನು ಬಯಲಿಗಿಟ್ಟ ವಾರದಲ್ಲಿ ದೊರಕಿತು. ಇದಕ್ಕೆ ಅಧಿಕಾರ ಹಂಚಿಕೆಯ ರಾಜಕೀಯ ಕಾರಣಗಳೂ ಇದ್ದವು, ನಿಜ.

ಒಪ್ಪಂದವನ್ನು ಒಪ್ಪದ ಸಣ್ಣ ಗುಂಪುಗಳು ಅನಂತರವೂ ಉಳಿದವು. ಹೊಸ ಪಡೆಗೆ ಸೇರಿದ ಕ್ಯಾಥೊಲಿಕರೇ ಅವರ ಕಣ್ಣಿಗೆ ಹೆಚ್ಚು ಚುಚ್ಚುತ್ತಿದ್ದರು. 2011ರ ಏಪ್ರಿಲ್ 2ರಂದು ಓಮಾ ಪಟ್ಟಣದಲ್ಲಿ 25 ವರ್ಷದ ಕ್ಯಾಥೊಲಿಕ್ ಕಾನ್ಸ್‌ಟೇಬಲ್ ಒಬ್ಬ ತನ್ನ ಕಾರಿನಡಿ ಇಟ್ಟಿದ್ದ ಬಾಂಬಿಗೆ ಬಲಿಯಾದ. ಐರಿಷ್ ಕ್ರೀಡೆಗಳ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ 2001ರವರೆಗೂ ಉತ್ತರದ ಪೊಲೀಸರನ್ನು ಸದಸ್ಯರಾಗಿ ಸೇರಿಸಿಕೊಳ್ಳುತ್ತಿರಲಿಲ್ಲ. ಅಂದು ಅದೇ ಸಂಸ್ಥೆಯವರು ಶವಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಬಂದು, ದಾರಿಯಲ್ಲಿ ಸಮವಸ್ತ್ರದ ಪೊಲೀಸರ ಹೆಗಲಿಗೆ ದಾಟಿಸಿದರು. ಪ್ರಾಟೆಸ್ಟೆಂಟ್ ಪಕ್ಷದ ಮುಖ್ಯಮಂತ್ರಿ ಪೀಟರ್ ರಾಬಿನ್ಸನ್ ಕ್ಯಾಥೊಲಿಕ್ ಚರ್ಚಿನೊಳಗೆ ಹೋಗಿ ಪ್ರಾರ್ಥನೆಯಲ್ಲಿ ಕುಳಿತರು. ಹಿಂದೊಮ್ಮೆ ಸಶಸ್ತ್ರ ಹೋರಾಟದ ಮುಂದಾಳಾಗಿದ್ದ ಮಾರ್ಟಿನ್ ಮ್ಯಾಕ್‌ಗಿನ್ನೆಸ್ ಅವರೂ ಅಲ್ಲಿದ್ದರು.