ಮಾದರಿ ಅಗೆಯುವ ಯಂತ್ರ: ಮುರಿದ ಲೋಹಭಾಗಗಳಿಗೆ ಲೇತ್‌ನಲ್ಲಿ ಮರುಜನ್ಮ

ಮಣ್ಣು ಅಗೆಯುವ ಯಂತ್ರಗಳನ್ನೆಲ್ಲ ‘ಜೆಸಿಬಿ’ ಅಥವಾ ‘ಹಿಟಾಚಿ’ ಎಂದೇ ಕರೆಯುವುದು ರಾಜ್ಯದಲ್ಲಿ ರೂಢಿ. ಇವುಗಳ ಲೋಹದ ಪುಟ್ಟ ಮಾದರಿಗಳನ್ನು ಸಂಗ್ರಹಿಸುವ ಹವ್ಯಾಸಿಗಳೂ ಇದ್ದಾರೆ. ಹೆಚ್ಚಾಗಿ 1:50 ಪ್ರಮಾಣದಲ್ಲಿರುವ ಹಳೆಯ ಮಾದರಿಗಳ ತೋಳು, ಬಕೆಟ್, ಹಲ್ಲುಚಕ್ರಗಳು ಮುರಿದರೆ ಬಿಡಿಭಾಗ ದೊರೆಯುವುದು ದುರ್ಲಭ. ಆಗ ಉಳಿಯುವ ಮಾರ್ಗ, ಅವನ್ನು ಲೇತ್‌ನಲ್ಲಿ ಹೊಸದಾಗಿ ಕಡೆಯುವುದು.

ಪುಲಿಕೇಶಿನಗರ ಸೇರಿದಂತೆ ಬೆಂಗಳೂರಿನ ದಂಡು ಹಾಗೂ ಪೂರ್ವಭಾಗಕ್ಕೆ ಈ ವಿದ್ಯೆ ಹೊಸದಲ್ಲ. ಎಚ್‌ಎಎಲ್ (1940), ಐಟಿಐ (1948) ಕಾರ್ಖಾನೆಗಳು ಈ ಭಾಗದಲ್ಲಿ ಟರ್ನರ್, ಫಿಟ್ಟರ್‌ಗಳ ಪೀಳಿಗೆಗಳನ್ನೇ ಬೆಳೆಸಿದವು. 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್, ನಿಜವಾದ ಅಗೆಯುವ ಯಂತ್ರಗಳನ್ನೇ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ತಯಾರಿಸುತ್ತದೆ.

ಮುರಿಯಲು ಕಾರಣ

ಇಂತಹ ಮಾದರಿಗಳ ಎರಕಕ್ಕೆ ಹೆಚ್ಚಾಗಿ ಬಳಸುವುದು ಸತುವಿನ ಮಿಶ್ರಲೋಹ. ಅದರಲ್ಲಿ ಸೀಸದ ಅಂಶ ಶೇಕಡಾ 0.005ರ ಆಸುಪಾಸಿನ ಮಿತಿಯನ್ನು ಮೀರಿದರೆ, ತೇವಾಂಶದ ಸಂಪರ್ಕದಿಂದ ವರ್ಷಗಳ ನಂತರ ಲೋಹ ಒಳಗಿನಿಂದಲೇ ಉಬ್ಬಿ, ಬಿರುಕು ಬಿಟ್ಟು, ಪುಡಿಯಾಗುತ್ತದೆ. ಇದನ್ನು ‘ಸತುವಿನ ಪಿಡುಗು’ ಎನ್ನುತ್ತಾರೆ. ಅಮೆರಿಕದ ನ್ಯೂಜೆರ್ಸಿ ಜಿಂಕ್ ಕಂಪನಿ 1929ರಲ್ಲಿ ಶುದ್ಧ ಸತುವಿನ ‘ಝಮಾಕ್’ ಮಿಶ್ರಲೋಹಗಳನ್ನು ರೂಪಿಸಿದ್ದಕ್ಕೆ ಈ ದೋಷವೂ ಕಾರಣ. ಪಿಡುಗು ಒಂದು ಮಾದರಿಯಿಂದ ಇನ್ನೊಂದಕ್ಕೆ ಅಂಟುವುದಿಲ್ಲ. ಆದರೆ ಇದಕ್ಕೆ ಮದ್ದೂ ಇಲ್ಲ. ಈ ಲೋಹ ಸುಮಾರು 385 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ ಬೆಸುಗೆಯೂ ಅಪಾಯಕಾರಿ.

ಅಳತೆಯೇ ಮುಖ್ಯ

ಅನೇಕರು ಎಡವುವುದು ಇಲ್ಲಿಯೇ. ಉಬ್ಬಿದ ಭಾಗವನ್ನು ಅಳೆದು ಅದರಂತೆಯೇ ಕಡೆದರೆ ಹೊಸ ಭಾಗ ಕೂರುವುದಿಲ್ಲ. ಆದ್ದರಿಂದ ಮುರಿದ ಭಾಗವನ್ನಲ್ಲ, ಅದು ಕೂರುವ ಜಾಗವನ್ನು ಅಳೆಯಬೇಕು. ಹಲ್ಲುಚಕ್ರದ ಹಲ್ಲುಗಳ ಅಂತರವನ್ನು ಸರಪಳಿಯ ಕೊಂಡಿಗಳಿಂದಲೂ, ಪಿನ್ನಿನ ವ್ಯಾಸವನ್ನು ಕೆಡದೆ ಉಳಿದ ರಂಧ್ರದಿಂದಲೂ ಪಡೆಯಬಹುದು. ಇಡೀ ಜೋಡಣೆಯೇ ಹಾಳಾಗಿದ್ದರೆ ಮೂಲಯಂತ್ರದ ಅಳತೆಯನ್ನು 50ರಿಂದ ಭಾಗಿಸಬೇಕು: 100 ಮಿ.ಮೀ. ಪಿನ್ ಮಾದರಿಯಲ್ಲಿ 2 ಮಿ.ಮೀ. ಆಗುತ್ತದೆ. ಇಲ್ಲಿ 0.05 ಮಿ.ಮೀ. ಸಡಿಲವೆಂದರೆ ಮೂಲಯಂತ್ರದಲ್ಲಿ 2.5 ಮಿ.ಮೀ.ಗೆ ಸಮ. ಮಾದರಿಯ ತೋಳು ಎತ್ತಿಟ್ಟಲ್ಲಿಯೇ ನಿಲ್ಲಬೇಕಾದ್ದರಿಂದ ಪಿನ್ ಬಿಗಿಯಾಗಿಯೇ ಇರಬೇಕು.

ಕಡೆಯುವ ಕ್ರಮ

ಬದಲಿ ಭಾಗಗಳಿಗೆ ಹಿತ್ತಾಳೆ ಸೂಕ್ತ. ಅದು ಸುಲಭವಾಗಿ ಕಡೆಯಲು ಬರುತ್ತದೆ, ತುಕ್ಕು ಹಿಡಿಯುವುದಿಲ್ಲ. ಆದರೆ ಚೂಪು ಕೋನದ ಉಳಿ ಹಿತ್ತಾಳೆಯನ್ನು ಕಚ್ಚಿ ಎಳೆಯುತ್ತದೆ. ಉಳಿಯ ಮೇಲ್ಮೈ ಸಮತಟ್ಟಾಗಿರಬೇಕು. ರಂಧ್ರವನ್ನು ಮೊದಲು ತುಸು ಕಿರಿದಾಗಿ ಕೊರೆದು, ನಂತರ ರೀಮರ್‌ನಿಂದ ನಿಖರಗೊಳಿಸಬೇಕು. 12 ಹಲ್ಲಿನ ಚಕ್ರವಾದರೆ ಪ್ರತಿ ಹಲ್ಲಿಗೂ 30 ಡಿಗ್ರಿ ತಿರುಗಿಸಿ ಕತ್ತರಿಸಬೇಕು. ಯಂತ್ರವನ್ನು ಅಣಿಗೊಳಿಸಲು ಒಂದು ಭಾಗಕ್ಕೂ ಮೂರು ಭಾಗಕ್ಕೂ ಹಿಡಿಯುವ ಸಮಯ ಒಂದೇ ಆದ್ದರಿಂದ, ಒಂದೆರಡು ಹೆಚ್ಚಿಗೆ ಮಾಡಿಟ್ಟುಕೊಳ್ಳುವುದು ಜಾಣತನ.

ಹೊಸ ಭಾಗದ ಒಳಬದಿಯಲ್ಲಿ ಗುರುತು ಹಾಕಿ, ಮುರಿದ ಮೂಲಭಾಗವನ್ನೂ ಕಾಯ್ದಿಡುವುದು ಉಚಿತ. ಮುಂದೆ ಆ ಮಾದರಿಯನ್ನು ಕೈಗೆತ್ತಿಕೊಳ್ಳುವವರಿಗೆ ಯಾವುದು ಮೂಲ, ಯಾವುದು ಬದಲಿ ಎಂಬುದು ತಿಳಿಯುತ್ತದೆ.